ನರಸಿಂಹರಾಜು ಅವರ ಹಲ್ಲು

ನಮ್ಮ ಕಡೆ ಮುಂದಿನ ಹಲ್ಲು ಸ್ವಲ್ಪ ಹೊರಗೆ ಬಂದಿದ್ದರೆ ಸಾಕು, ಹೆಸರು ಇಟ್ಟೇ ಬಿಡುತ್ತಾರೆ: ನರಸಿಂಹರಾಜು. ಆ ಮನುಷ್ಯ ಯಾರು, ಏನು ಮಾಡಿದ್ದಾರೆ ಎಂದು ಗೊತ್ತಿಲ್ಲದವರೂ ಇಡುತ್ತಾರೆ.

ಅವರು ತಿಪಟೂರಿನವರು, 1923ರ ಜುಲೈ 24ರಂದು ಹುಟ್ಟಿದವರು. ಚಿಕ್ಕಂದಿನಿಂದಲೇ ನಾಟಕ ಕಂಪೆನಿಗಳಲ್ಲಿ ಬೆಳೆದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ರಾಜಕುಮಾರ್ ನಾಯಕರಾದ ಮೊದಲ ಚಿತ್ರ ಅದು, ನರಸಿಂಹರಾಜು ಅವರಿಗೂ ಹೆಸರು ತಂದದ್ದು ಅದೇ. ಆಮೇಲೆ ಅವರಿಗೆ ಎಷ್ಟು ಬೇಡಿಕೆ ಎಂದರೆ, ನಿರ್ಮಾಪಕರು ಮೊದಲು ಅವರ ಕಾಲ್‌ಶೀಟ್ ಹಿಡಿದು ಮತ್ತೆ ರಾಜಕುಮಾರ್ ಹತ್ತಿರ ಹೋಗುತ್ತಿದ್ದರು ಎಂಬ ಮಾತಿದೆ. ಚಿತ್ರರಂಗಕ್ಕೆ ಕಷ್ಟ ಬಂದಾಗ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಜೊತೆ ಸೇರಿ ‘ರಣಧೀರ ಕಂಠೀರವ’ (1960) ತೆಗೆದವರಲ್ಲಿ ಇವರೂ ಒಬ್ಬರು. ಬರೀ ಹಲ್ಲು ತೋರಿಸಿ ಬದುಕಿದವರಲ್ಲ.

ಗೋವಾದಲ್ಲಿರುವ ನಮಗೆ ಅವರು ಹತ್ತಿರವಾದದ್ದು ‘ಗೋವಾದಲ್ಲಿ ಸಿ.ಐ.ಡಿ. 999’ರಿಂದ. 1968ರದ್ದು, ದೊರೈ–ಭಗವಾನ್ ನಿರ್ದೇಶನ. ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಗಿ ಆಗ ಏಳು ವರ್ಷವೂ ತುಂಬಿರಲಿಲ್ಲ. ಪತ್ತೇದಾರ ರಾಜಕುಮಾರ್, ಜೊತೆಗೆ ನರಸಿಂಹರಾಜು. ಉಳ್ಳಾಲದಿಂದ ಮಡಗಾಂವಿಗೆ ಬಂದು ಅಂಗಡಿ ಹಾಕಿದ ನನ್ನ ಉಪ್ಪನಿಗೆ ಗೋವಾ ಎಂದರೆ ಮೊದಲು ಗೊತ್ತಿದ್ದದ್ದು ಆ ಸಿನೆಮಾ ಮಾತ್ರ. ಉಮ್ಮನಿಗೆ ಸಿನೆಮಾ ಎಂದರೆ ಆಗದು. ಆದರೆ ಉಪ್ಪ ಅಡುಗೆಕೋಣೆಯಲ್ಲಿ ನಿಂತು ನರಸಿಂಹರಾಜು ಹಾಗೆ ಹೆದರಿ ತೊದಲಿದರೆ ಅವರಿಗೂ ನಗು ತಡೆಯುತ್ತಿರಲಿಲ್ಲ. ನಮ್ಮ ಬ್ಯಾರಿ ಭಾಷೆಯಲ್ಲಿ ಒಂದು ಸಿನೆಮಾ ಬರಲು 2011ರ ತನಕ ಕಾಯಬೇಕಾಯಿತು. ಅಲ್ಲಿಯವರೆಗೆ ಪರದೆ ನೋಡಿ ನಗಬೇಕಾದರೆ ಕನ್ನಡವೋ ತುಳುವೋ ಆಗಬೇಕಿತ್ತು.

ಹೋದ ವರ್ಷ ಊರಿನ ಒಂದು ಮದುವೆಯಲ್ಲಿ ಹಿರಿಯರೊಬ್ಬರು ನನ್ನ ಮಗಳನ್ನು ಎಲ್ಲರೆದುರು ಆ ಹೆಸರಿನಿಂದ ಕರೆದರು. ಎಲ್ಲರೂ ನಕ್ಕರು. ಅವಳಿಗೆ ಹನ್ನೆರಡು ವರ್ಷ, ಮನೆಯಲ್ಲಿ ಬ್ಯಾರಿ, ಹೊರಗೆ ಕೊಂಕಣಿ. ಹೆಸರು ಅರ್ಥವಾಗಲಿಲ್ಲ, ನಗು ಅರ್ಥವಾಯಿತು. ಮಡಗಾಂವಿಗೆ ಬಂದ ಮೇಲೆ ಫೋಟೊ ತೆಗೆಯುವಾಗಲೆಲ್ಲ ಬಾಯಿ ಮುಚ್ಚಿಕೊಳ್ಳಲು ಶುರು ಮಾಡಿದಳು. ಅವಳು ಮೊದಲು ಗಟ್ಟಿಯಾಗಿ ನಗುವವಳು.

‘ಯಾರದು?’ ಎಂದು ಒಂದು ರಾತ್ರಿ ಕೇಳಿದಳು. ಮೊಬೈಲಿನಲ್ಲಿ ‘ಸತ್ಯ ಹರಿಶ್ಚಂದ್ರ’ (1965) ಹಾಕಿದೆ. ಅದರಲ್ಲಿ ಅವರದ್ದು ನಕ್ಷತ್ರಿಕನ ಪಾತ್ರ. ರಾಜ್ಯ ಕಳೆದುಕೊಂಡ ಅರಸನ ಬೆನ್ನು ಬಿಡದೆ, ವಿಶ್ವಾಮಿತ್ರನ ಸಾಲ ವಸೂಲಿಗೆ ಪೀಡಿಸುವವನು. ಅಂಥ ದುಃಖದ ಕಥೆಯ ನಡುವೆ ಬಂದು ನಗಿಸುವುದು ಸುಲಭವಲ್ಲ. ಸ್ವಲ್ಪ ಹೆಚ್ಚಾದರೆ ಕಥೆ ಕೆಟ್ಟಿತು, ಕಡಿಮೆಯಾದರೆ ಅವನು ಬರೀ ದುಷ್ಟ. ಅವರು ಎರಡೂ ಆಗಲು ಬಿಡುವುದಿಲ್ಲ. ನಮಗೆ ಅವನ ಮೇಲೆ ಸಿಟ್ಟೂ ಬರುತ್ತದೆ, ಅವನು ಪರದೆಯಿಂದ ಹೋದರೆ ಖಾಲಿ ಅಂತಲೂ ಅನಿಸುತ್ತದೆ. 2008ರಲ್ಲಿ ಈ ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ನನಗೆ ಕಪ್ಪು ಬಿಳುಪೇ ಇಷ್ಟ.

ಮಾತು ಅರ್ಧ ತಿಳಿಯದಿದ್ದರೂ ಮಗಳು ನೋಡಿದಳು. ‘ಹಲ್ಲಿಗೆ ನಗು ಬರುವುದಲ್ಲ, ಕಣ್ಣಿಗೆ’ ಎಂದಳು. ಇಷ್ಟು ವರ್ಷ ನೋಡಿದ ನಾನು ಅದನ್ನು ಗಮನಿಸಿರಲಿಲ್ಲ.

‘ಪ್ರೊಫೆಸರ್ ಹುಚ್ಚೂರಾಯ’ (1974) ಅವರೇ ನಿರ್ಮಿಸಿ ನಾಯಕರಾದ ಚಿತ್ರ. ಅದನ್ನೂ ನೋಡಿ ಆಯಿತು. ಐದು ವರ್ಷದ ನಂತರ, 1979ರ ಜುಲೈ 11ರಂದು ತೀರಿಕೊಂಡರು. ಐವತ್ತಾರು ತುಂಬಲು ಎರಡು ವಾರವೂ ಇರಲಿಲ್ಲ ಎಂದಾಗ ಅವಳು ಸುಮ್ಮನೆ ಕುಳಿತಳು.

ಹಲ್ಲಿಗೆ ಕ್ಲಿಪ್ ಹಾಕಿಸುವುದೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಡಾಕ್ಟರ್ ಹಾಕಿಸಿ ಅನ್ನುತ್ತಾರೆ, ಉಮ್ಮ ಬೇಡ ಅನ್ನುತ್ತಾರೆ. ಮಗಳು ಹೇಳುವುದು, ಮೊದಲು ಗೋವಾದ ಸಿನೆಮಾ ಹಾಕಿ, ಆಮೇಲೆ ಹೇಳುತ್ತೇನೆ ಅಂತ.