ಟೆಕ್ನೋ ಗುಂಡಿಯಲ್ಲಿ ಸುದರ್ಶನ ಚಕ್ರ

ನಮ್ಮ ಹಾಸನದ ಕಡೆ ಪೌರಾಣಿಕ ನಾಟಕವೆಂದರೆ ಹಾರ್ಮೋನಿಯಂ ಮೇಷ್ಟ್ರೇ ಯಜಮಾನರು. ತಿಂಗಳುಗಟ್ಟಲೆ ಮಾತು ಕಲಿಸುವವರು, ಕಂದ ಹೇಳಿಸುವವರು, ಬೆಳಗಿನ ಜಾವ ದುರ್ಯೋಧನನ ಗಂಟಲು ಕೈಕೊಟ್ಟಾಗ ಅವನನ್ನು ದಡ ಸೇರಿಸುವವರು ಎಲ್ಲ ಅವರೇ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ‘ಎಫೆಕ್ಟ್’ ಕೊಡುವ ನನ್ನಂಥವರದು ಚಿಲ್ಲರೆ ಕೆಲಸ. ಗದೆಗೆ ಗದೆ ತಾಗಿದರೆ ಒಂದು ಸದ್ದು, ಕೃಷ್ಣ ಬೆರಳೆತ್ತಿದರೆ ಇನ್ನೊಂದು.

ಇದಕ್ಕೆ ನನ್ನಲ್ಲಿರುವುದು ಕಾರ್ಗ್ ಕಂಪನಿಯ ಮೈಕ್ರೋಕಾರ್ಗ್. 2002ರ ಮಾಡೆಲ್, 37 ಪುಟಾಣಿ ಮನೆ, ತೂಕ ಎರಡು ಕೆಜಿ ಚಿಲ್ಲರೆ. ಬೆಂಗಳೂರಿನ ಭಾಮೈದ ಬ್ಯಾಂಡ್ ಬಿಟ್ಟು ಮದುವೆಯಾದಾಗ ಅಗ್ಗಕ್ಕೆ ಕೊಟ್ಟದ್ದು. ಅದರ ದೊಡ್ಡ ಗುಂಡಿಯ ಸುತ್ತ ಟ್ರಾನ್ಸ್, ಟೆಕ್ನೋ, ಹಿಪ್‌ಹಾಪ್ ಎಂದೆಲ್ಲ ಬರೆದಿದೆ. ಸುದರ್ಶನ ಚಕ್ರ ಇರುವುದು ಟೆಕ್ನೋದಲ್ಲಿ. ಎಡಗೈಯಲ್ಲಿ ಮಂದ್ರದ ಒಂದು ಮನೆ ಒತ್ತಿ ಹಿಡಿದರೆ ಆರ್ಪೆಜಿಯೇಟರ್ ಅದನ್ನೇ ಗಿರಗಿರ ಮೀಟುತ್ತಿರುತ್ತದೆ. ಬಲಗೈಯಲ್ಲಿ ಕಟಾಫ್ ಗುಂಡಿಯನ್ನು ನಿಧಾನವಾಗಿ ತಿರುವುತ್ತ ಹೋದರೆ ಕಂಬಳಿ ಹೊದ್ದಂತಿದ್ದ ದನಿ ತೆರೆದುಕೊಂಡು ಝಗ್ಗನೆ ಹೊಳೆಯುತ್ತದೆ. ಶಿಶುಪಾಲನ ತಲೆ ಉರುಳುವ ಹೊತ್ತಿಗೆ ಗುಂಡಿ ಕೊನೆ ಮುಟ್ಟಿರಬೇಕು. ಶಿಶುಪಾಲ ಒಂದು ಮಾತು ಹೆಚ್ಚಿಗೆ ಆಡಿದನೋ, ನನ್ನ ಲೆಕ್ಕವೆಲ್ಲ ತಲೆಕೆಳಗು.

2024ರಲ್ಲಿ ಇದರ ಎರಡನೆಯ ಅವತಾರ ಬಂತು. ಹಳೆಯದು ಒಮ್ಮೆಗೆ ನಾಲ್ಕೇ ಸ್ವರ ನುಡಿಸುತ್ತದೆ, ಐದನೆಯ ಬೆರಳಿಟ್ಟರೆ ಮೊದಲಿನದೊಂದು ಜಾಗ ಬಿಟ್ಟು ಹೋಗುತ್ತದೆ. ಹೊಸದಕ್ಕೆ ಎಂಟು ಸ್ವರ, ಬಣ್ಣದ ಸ್ಕ್ರೀನ್, ದನಿಗೆ ಜೊತೆದನಿ ಕೂಡಿಸುವ ಹಾರ್ಮೊನೈಸರ್. ಮನೆಗಳು ಮಾತ್ರ ಅದೇ 37. ಚಕ್ರ ಬಿಡಲು ಒಂದೇ ಸ್ವರ ಸಾಕಾಗಿರುವಾಗ ಎಂಟನ್ನು ಇಟ್ಟುಕೊಂಡು ನಾನೇನು ಮಾಡಲಿ?

ಆದರೂ ಆಸೆ ಬಿಡಲಿಲ್ಲ. ಅದಕ್ಕೆ ಕಾರಣ ಕಂಸ. ‘ಕೃಷ್ಣಲೀಲೆ’ ಆಡುವಾಗ ಅಶರೀರವಾಣಿ ನನ್ನ ಪಾಲಿನದು. ಮೈಕಿನಲ್ಲಿ ಆಡಿದ ಮಾತಿನ ಆಕಾರವನ್ನು ಕೀಬೋರ್ಡಿನ ದನಿಗೆ ತೊಡಿಸುವ ವೊಕೋಡರ್ ಈ ಪೆಟ್ಟಿಗೆಯಲ್ಲಿದೆ. ದನಿ ಆಕಾಶದಿಂದಲೇ ಬಂದಂತಿರುತ್ತದೆ, ನಿಜ. ಆದರೆ ಕತ್ತು ಬಗ್ಗಿಸಿ ಬಗ್ಗಿಸಿ ಸೋತಿರುವ ನನ್ನ ಮೈಕಿನಿಂದ ವ್ಯಂಜನಗಳೆಲ್ಲ ಕಲಸಿಹೋಗುತ್ತವೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬರು, ‘ಎಷ್ಟನೇ ಗರ್ಭ ಅಂದ?’ ಎಂದು ಪಕ್ಕದವರನ್ನು ಕೇಳಿದರಂತೆ. ಕಥೆ ನಿಂತಿರುವುದೇ ಆ ಸಂಖ್ಯೆಯ ಮೇಲೆ!

ಹೊಸದರಲ್ಲಿ ಹಾರ್ಡ್‌ಟ್ಯೂನ್ ಎಂಬ ಇನ್ನೊಂದು ಸೌಲಭ್ಯವಿದೆ. ಹಾಡುವವರ ದನಿ ಎಲ್ಲೇ ಅಲೆದಾಡಲಿ, ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ಅಪಸ್ವರದ ಅರ್ಜುನರಿಗೆಲ್ಲ ಇದೇ ಮದ್ದು ಎಂದು ಉಬ್ಬಿ ಹೇಳಿದೆ. ಅರಕಲಗೂಡು ಕಡೆಯವರಾದ ಮೇಷ್ಟ್ರು ಎಲೆಅಡಿಕೆ ಉಗಿದು ಬಂದು ಹೇಳಿದರು: ‘ನಮ್ ಪೆಟ್ಟಿಗೇಲಿ ಗಮಕ ಬರಲ್ಲ ಅಂತ ರೇಡಿಯೋದೋರು ಮೂವತ್ತು ವರ್ಷ ಹಾರ್ಮೋನಿಯಂ ಹೊರಗಿಟ್ಟಿದ್ರು ಕಣಪ್ಪ. ನೀನೀಗ ಗಂಟಲನ್ನೇ ಹಾರ್ಮೋನಿಯಂ ಮಾಡ್ತೀನಿ ಅಂತೀಯ.’ ಅವರ ಲೆಕ್ಕ ಸರಿ: ಆಕಾಶವಾಣಿಯ ನಿಷೇಧ 1940ರಿಂದ 1971ರವರೆಗೆ ಇತ್ತು. ಕರ್ನಾಟಕ ಸಂಗೀತದ ಹಾಡುಗಾರ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣ ಇರುವುದು ಮೇಷ್ಟ್ರ ತಾಲ್ಲೂಕಿನಲ್ಲೇ. ತಂಬೂರಿ ಆಕಾರದಲ್ಲಿ ಸಪ್ತಸ್ವರ ದೇವತೆಗಳಿಗೆ ಮಂದಿರ ಕಟ್ಟಿದ ಊರು. ಆ ಸೀಮೆಯಲ್ಲಿ ಜಾರುವ ಗಾಂಧಾರವನ್ನು ಯಂತ್ರದಿಂದ ಮೊಳೆ ಹೊಡೆದು ನಿಲ್ಲಿಸುತ್ತೇನೆಂದರೆ ಯಾರು ಒಪ್ಪುತ್ತಾರೆ? ನಮ್ಮ ಅರ್ಜುನ ಜಾರುವುದು ಗಮಕದಿಂದಲ್ಲ, ಆ ಮಾತು ಬೇರೆ.

ಹಳೆಯದರ ಪರವಾಗಿ ಇನ್ನೊಂದಿದೆ. ಅದು ಆರು ಪೆನ್‌ಸೆಲ್ ಮೇಲೆ ಓಡುತ್ತದೆ. ಹೊಳೆನರಸೀಪುರದ ಕಡೆಯ ಹಳ್ಳಿಗಳಲ್ಲಿ ಕರೆಂಟು ಹೋಗಿ ಜನರೇಟರ್ ಕೆಮ್ಮುವಷ್ಟರಲ್ಲಿ ಉಳಿದ ಕೀಬೋರ್ಡುಗಳು ಮತ್ತೆ ಮೊದಲಿನಿಂದ ಏಳಬೇಕು. ನನ್ನದು ಚಕ್ರ ಹಿಡಿದುಕೊಂಡು ಕಾಯುತ್ತಿರುತ್ತದೆ.

ಕೊನೆಗೆ ಒಂದು ಒಳ್ಳೆಯ ಡೈನಮಿಕ್ ಮೈಕ್ ಮಾತ್ರ ಕೊಳ್ಳುವುದೆಂದು ಗೊತ್ತು ಮಾಡಿದೆ. ಪೆಟ್ಟಿಗೆಯ ಹಿಂಬದಿಯಲ್ಲಿ ಅದಕ್ಕೆ ಜಾಕೂ ಇದೆ. ‘ಎಂಟನೆಯ’ ಎಂಬ ನಾಲ್ಕಕ್ಷರ ಸ್ಪಷ್ಟವಾಗಿ ಕೇಳಿಸಿದರೆ ಹೊಸ ಪೆಟ್ಟಿಗೆಯ ಮಾತು ಅಲ್ಲಿಗೆ ಮುಗಿಯಿತು. ಚನ್ನರಾಯಪಟ್ಟಣದ ತಂಡದವರು ಅಡ್ವಾನ್ಸ್ ಕೊಡುವಾಗ, ‘ಸಾರ್, ಲೈಟ್ ಬರೋ ಹೊಸಾದು ತನ್ನಿ, ವಿಡಿಯೋದಲ್ಲಿ ಚೆನ್ನಾಗಿ ಕಾಣ್ತದೆ’ ಎಂದರು. ಲೈಟು ಬೇಕಿದ್ದರೆ ಸೀನರಿಯವರನ್ನು ಕೇಳಿ ಎಂದಿದ್ದೇನೆ.