ದುರ್ಗದ ಚಳಿಯೂ ಸೀಮೆಎಣ್ಣೆಯ ಉರಿಯೂ

ತುಮಕೂರು ನಗರದಿಂದ ದೇವರಾಯನದುರ್ಗಕ್ಕೆ ಸುಮಾರು 15 ಕಿಲೋಮೀಟರ್ ದಾರಿ. ನಾಮದ ಚಿಲುಮೆಯ ತಂಪು ನೀರು ಕುಡಿದು, ಕುರುಚಲು ಕಾಡಿನ ನಡುವೆ ತಿರುಗುವ ರಸ್ತೆ ಹಿಡಿದರೆ ಬೆಟ್ಟ ಎದುರು ನಿಲ್ಲುತ್ತದೆ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಹಗಲೆಲ್ಲ ಬಂಡೆ ಕಾದು ಸುಡುತ್ತದೆ. ಆದರೆ ಧನುರ್ಮಾಸದಲ್ಲಿ ಸಂಜೆ ಕವಿದೊಡನೆ ಬೀಸುವ ಗಾಳಿಗೆ ಶಾಲು ಹೊದ್ದವರೂ ನಡುಗುತ್ತಾರೆ. ಚಾರಣಕ್ಕೆಂದು ಬರುವ ವಿದ್ಯಾರ್ಥಿಗಳ ಚೀಲದಲ್ಲಿ ಅಕ್ಕಿ, ಬೇಳೆ, ಟೀಪುಡಿಯ ಜೊತೆಗೆ ಒಂದು ಸಣ್ಣ ಸ್ಟೌವ್ ಇರುವುದು ಇದೇ ಕಾರಣಕ್ಕೆ.

ಈ ಎತ್ತರದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆಯಾದುದೇ ಇದಕ್ಕೆ ಕಾರಣ. ಅನ್ನ ಬೇಯಲು ಮನೆಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ಅಡುಗೆಯವನನ್ನು ಬೈಯುವಂತಿಲ್ಲ!

ಪಡಿತರ ಅಂಗಡಿಯ ಮುಂದೆ ಸೀಮೆಎಣ್ಣೆ ಡಬ್ಬದ ಸಾಲು ಹಚ್ಚಿದ ದಿನಗಳು ಅಪ್ಪ ಅಮ್ಮಂದಿರಿಗೆ ನೆನಪಿರಬೇಕು. ಆಗ ಮನೆಗಳಲ್ಲಿ ಎರಡು ಬಗೆಯ ಸ್ಟೌವ್‌ಗಳಿದ್ದವು. ಬತ್ತಿ ಸ್ಟೌವ್‌ನಲ್ಲಿ ಎಣ್ಣೆ ತಾನಾಗಿಯೇ ಬತ್ತಿಯ ಎಳೆಗಳ ನಡುವೆ ಮೇಲೇರುತ್ತದೆ. ಪಂಪ್ ಸ್ಟೌವ್‌ನಲ್ಲಿ ಗಾಳಿ ತುಂಬಿದಾಗ ಒತ್ತಡಕ್ಕೆ ಎಣ್ಣೆ ಕೊಳವೆಯಲ್ಲಿ ಏರಿ, ಕಾದ ಬರ್ನರ್‌ನಲ್ಲಿ ಆವಿಯಾಗಿ, ಸೂಜಿರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ‘ಪ್ರೈಮಸ್’ ಈ ಬಗೆಯದು. 1911ರಲ್ಲಿ ದಕ್ಷಿಣ ಧ್ರುವ ತಲುಪಿದ ಅಮುಂಡ್‌ಸೆನ್, 1953ರಲ್ಲಿ ಎವರೆಸ್ಟ್ ಏರಿದ ತೇನ್‌ಸಿಂಗ್ ಮತ್ತು ಹಿಲರಿ ಇದನ್ನೇ ನಂಬಿದ್ದರು. ನೆನಪಿಡಬೇಕಾದ ಮಾತೆಂದರೆ, ಎರಡರಲ್ಲೂ ಉರಿಯುವುದು ದ್ರವವಲ್ಲ, ಅದರ ಆವಿ.

ತುಮಕೂರಿನಿಂದ ಪಶ್ಚಿಮಕ್ಕೆ ಹೋದರೆ ಗುಬ್ಬಿ. 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಿಂದ ನಾಡೆಲ್ಲ ಬೆಳಗಿದ ನಾಟಕ ಕಂಪನಿಯ ತವರು. ವಿದ್ಯುತ್ ಬಾರದ ಊರುಗಳಲ್ಲಿ ರಾತ್ರಿಯ ನಾಟಕ, ಜಾತ್ರೆ, ಮದುವೆಯ ದಿಬ್ಬಣವೆಂದರೆ ಗ್ಯಾಸ್‌ಲೈಟಿನ ಬೆಳಕು. ಹೆಸರು ಗ್ಯಾಸ್, ಒಳಗಿರುವುದು ಸೀಮೆಎಣ್ಣೆ. ಅದರ ಕೆಲಸವೂ ಪಂಪ್ ಸ್ಟೌವ್‌ನಂತೆಯೇ. ಉರಿಯ ಮೇಲೆ ಬಲೆಯಂಥ ಮ್ಯಾಂಟಲ್ ಕಟ್ಟಿದರೆ ಬೆಳಕು, ಪಾತ್ರೆ ಇಟ್ಟರೆ ಅಡುಗೆ. ಬಯಲಿನಲ್ಲಿ, ಎತ್ತರದ ಚಪ್ಪರದಲ್ಲಿ ಗಾಳಿಗೆ ಕೊರತೆಯಿರುತ್ತಿರಲಿಲ್ಲ. ಆದ್ದರಿಂದ ಅದರ ಬಳಿ ರಾತ್ರಿ ಬೆಳಗಾದರೂ ಜನ ಸುಖವಾಗಿದ್ದರು.

ಈಗ ಕುಣಿಗಲ್ ಕಡೆಗೆ ಬರೋಣ. ಜನಪದರು ಹಾಡಿ ಹೊಗಳಿದ ಕೆರೆಯ ಈ ತಾಲ್ಲೂಕಿನಲ್ಲಿ ಹುತ್ರಿದುರ್ಗವಿದೆ. ಸುಮಾರು 3,700 ಅಡಿ ಎತ್ತರ, ಕೆಂಪೇಗೌಡರ ಕಾಲದ ಕೋಟೆ, ತುದಿಯಲ್ಲಿ ಶಂಕರೇಶ್ವರ ಗುಡಿ. ಬೋಳು ಬಂಡೆಯ ಮೇಲೆ ಗಾಳಿಗೆ ತಡೆಯೇ ಇಲ್ಲ. ಇಂಥ ಕಡೆ ಸ್ಟೌವ್ ಹಚ್ಚಿದರೆ ಉರಿ ಅತ್ತಿತ್ತ ವಾಲುತ್ತದೆ, ನೀರು ಕಾಯುವುದಿಲ್ಲ. ಆಗ ಯಾರಾದರೊಬ್ಬರಿಗೆ ಹೊಳೆಯುವ ಉಪಾಯ ಒಂದೇ: ‘ಸ್ಟೌವನ್ನು ಗುಡಾರದ ಒಳಗೆ ಇಟ್ಟುಕೊಂಡರೆ ಟೀಯೂ ಆಯಿತು, ಬೆಚ್ಚಗೂ ಆಯಿತು.’ ಅಪಾಯ ಕಾದಿರುವುದು ಇಲ್ಲಿಯೇ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಲೀಟರ್ ಸೀಮೆಎಣ್ಣೆ ಪೂರ್ತಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. 7 ಅಡಿ ಉದ್ದ, 5 ಅಡಿ ಅಗಲ, ನಡುವೆ 4 ಅಡಿ ಎತ್ತರವಿರುವ ಇಳಿಜಾರು ಗುಡಾರದ ಒಳಗೆ ಹಿಡಿಯುವ ಗಾಳಿ ಸುಮಾರು 2,000 ಲೀಟರ್. ಅಂದರೆ ಒಂದು ಲೋಟದಷ್ಟು, 200 ಮಿಲಿಲೀಟರ್ ಎಣ್ಣೆಗೇ ಆ ಗಾಳಿಯೆಲ್ಲ ಬೇಕು! ಆಮ್ಲಜನಕ ಅಷ್ಟು ಇಳಿಯುವ ಮೊದಲೇ ಉರಿ ಸೊರಗುತ್ತದೆ; ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಓಕರಿಕೆ, ಮಂಪರು. ದಿನವಿಡೀ ಬೆಟ್ಟ ಹತ್ತಿದ ಹುಡುಗ ಅದನ್ನು ಆಯಾಸವೆಂದು ತಿಳಿದು ಮಲಗಿಬಿಡುತ್ತಾನೆ. ಮತ್ತೆ ಏಳದಿರಬಹುದು.

ಕೆನಡಾ, ಫಿನ್ಲೆಂಡ್‌ಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ಸರೋವರದ ಮೇಲೆ ರಂಧ್ರ ಕೊರೆದು ಗಾಳ ಹಾಕುವವರಿದ್ದಾರೆ. ನೀರು 4 ಡಿಗ್ರಿಯಲ್ಲಿ ಅತಿ ಸಾಂದ್ರವಾಗುವುದರಿಂದ ಮಂಜುಗಡ್ಡೆ ಮೇಲೆ ತೇಲಿ, ಕೆಳಗೆ ಮೀನು ಬದುಕಿರುತ್ತದೆ. ಆ ಪುಟ್ಟ ಗುಡಾರಗಳಲ್ಲಿ ಎಣ್ಣೆಯ ಹೀಟರ್ ಇಟ್ಟುಕೊಂಡವರಿಗೂ ಕಾದಿರುವುದು ಇದೇ ಬಲೆ. 1934ರಲ್ಲಿ ಅಂಟಾರ್ಕ್ಟಿಕದ ಗುಡಿಸಿಲಿನಲ್ಲಿ ಒಂಟಿಯಾಗಿ ಚಳಿಗಾಲ ಕಳೆಯುತ್ತಿದ್ದ ಅಮೆರಿಕದ ಅಡ್ಮಿರಲ್ ಬರ್ಡ್ ಒಲೆಯ ಹೊಗೆಯಿಂದ ಸಾವಿನ ಅಂಚಿಗೆ ಹೋಗಿದ್ದರು. ಅವರ ರೇಡಿಯೋ ಸಂದೇಶಗಳು ತೊದಲತೊಡಗಿದಾಗ ಸಂಗಡಿಗರಿಗೆ ಅನುಮಾನ ಬಂತು. ಮೂವರು ಹುಡುಕಿಕೊಂಡು ಬಂದುದರಿಂದ ಜೀವ ಉಳಿಯಿತು.

ಧ್ರುವದ ಮಾತು ದೂರದ್ದೆನಿಸಿದರೆ ಮನೆಯನ್ನೇ ನೋಡಿ. ಬಾಣಂತಿಯ ಕೋಣೆಯಲ್ಲಿ ಕಿಟಕಿ ಬಾಗಿಲು ಬಿಗಿದು ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ಹಲವು ಮನೆಗಳಲ್ಲಿದೆ. ತಾಯಿ ಮಗು ಬೆಚ್ಚಗಿರಲೆಂಬ ಆಸೆ ಸರಿ. ಆದರೆ ಹೊಗೆಯಿಲ್ಲದ ಕೆಂಡ ಕೂಡ ಅದೇ ವಿಷವನ್ನು ಉಗುಳುತ್ತದೆ.

ಹಾಗಾದರೆ ಬೆಟ್ಟದಲ್ಲಿ ಏನು ಮಾಡಬೇಕು? ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ; ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಆದ್ದರಿಂದ ರಾತ್ರಿ ತಂಗಲು ಮತ್ತು ಅಡುಗೆಗೆ ಮೊದಲೇ ಅನುಮತಿ ಪಡೆದು, ತೋರಿಸಿದ ಜಾಗದಲ್ಲೇ ಸ್ಟೌವ್ ಹಚ್ಚಬೇಕು. ಗುಡಾರದ ಹೊರಗೆ, ಬಂಡೆಯ ಮರೆಯಲ್ಲಿ, ಸಮತಟ್ಟಾದ ನೆಲದ ಮೇಲೆ. ಉರಿಯುತ್ತಿರುವಾಗ ಎಣ್ಣೆ ತುಂಬಬಾರದು. ಸೀಮೆಎಣ್ಣೆಯ ಸ್ಟೌವ್‌ಗೆ ಪೆಟ್ರೋಲ್ ಸುರಿಯಲೇಬಾರದು. ಪೆಟ್ರೋಲ್ ಕೊರೆವ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮಲಗುವ ಮೊದಲು ಸ್ಟೌವ್ ಆರಿಸಿ ಹೊರಗಿಡಬೇಕು. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಬಯಲಿಗೆ ಕರೆತಂದು, 108ಕ್ಕೆ ಕರೆ ಮಾಡಬೇಕು.

ಚಳಿಗೆ ಕಂಬಳಿಯಿದೆ, ಉಣ್ಣೆಯ ಟೋಪಿಯಿದೆ, ಬಿಸಿನೀರು ತುಂಬಿದ ಬಾಟಲಿಯಿದೆ. ಮಗನ ಚೀಲ ಕಟ್ಟುವ ತಾಯಿ ಇನ್ನೊಂದು ಕಂಬಳಿ ತುರುಕಿದರೆ ಅವನು ಭಾರವೆಂದು ಗೊಣಗಬಹುದು. ಗೊಣಗಲಿ ಬಿಡಿ. ನಡುರಾತ್ರಿ ದುರ್ಗದ ಗಾಳಿ ಬೀಸಿದಾಗ ಆ ಕಂಬಳಿಯನ್ನೇ ಕತ್ತಿನವರೆಗೆ ಎಳೆದುಕೊಳ್ಳುತ್ತಾನೆ.