ಏರ್ ಹಿಡ್ದಿದೆ

ನಮ್ಮನೇಲಿ ನನಗಿಂತ ಎರಡು ವರ್ಷ ದೊಡ್ಡದೊಂದು ಡೀಸೆಲ್ ಪಿಕಪ್ ಇದೆ. ಹೋದ ರಜೆಯಲ್ಲಿ 15 ಕೆ.ಜಿ.ಯ 80 ಬಾಕ್ಸ್ ಟೊಮೆಟೊ ಹೇರಿಕೊಂಡು ಕೋಲಾರ ಮಂಡಿಗೆ ಹೊರಟಿದ್ವಿ. ಡೀಸೆಲ್ ಹಾಕಿಸೋದು ನನ್ನ ಕೆಲಸ, ಮರೆತಿದ್ದೆ. ಗಾಡಿ ದಾರೀಲೇ ನಿಂತಿತು. ಕ್ಯಾನಲ್ಲಿ ತಂದು ಸುರಿದರೂ ಸ್ಟಾರ್ಟ್ ಆಗ್ಲಿಲ್ಲ.

"ಏರ್ ಹಿಡ್ದಿದೆ ಕಣೋ," ಅಂದ್ರು ಅಪ್ಪ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ನನ್ನ ಕೈಲಿ ಪಂಪ್ ಒತ್ತಿಸಿದ್ರು. ಮೊದಲು ಬರೀ ಗುಳ್ಳೆ, ಆಮೇಲೆ ಬರೀ ಡೀಸೆಲ್. ಸ್ಕ್ರೂ ಬಿಗಿದ್ರು.

ಲೈನಲ್ಲಿ ಗಾಳಿಯಿದ್ದರೆ ಅದೇ ಕುಗ್ಗುತ್ತೆ, ಇಂಜೆಕ್ಟರ್ ತೆರೆಯುವಷ್ಟು ಪ್ರೆಶರ್ ಏರಲ್ಲ. ಇದನ್ನ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ರಸ್ತೇಲಿ ಹೊಳೆಯಲೇ ಇಲ್ಲ.

ಎರಡನೇ ಸೆಲ್ಫಿಗೆ ಹೊಗೆ ಉಗುಳಿ ಸ್ಟಾರ್ಟ್ ಆಯ್ತು. ಮಂಡಿ ಮುಟ್ಟೋವಾಗ ಹರಾಜು ಮುಗೀತಾ ಬಂದಿತ್ತು, ರೇಟು ಬಿದ್ದಿತ್ತು. ಅದು ನನ್ನ ಫೀಸಿನ ದುಡ್ಡು.

ಅಪ್ಪ ಬೈಯಲಿಲ್ಲ. ವಾಪಸ್ ಬರ್ತಾ ಬಂಕಲ್ಲಿ ನಿಲ್ಲಿಸಿ, ಕೀ ನನ್ನ ಕೈಗಿಟ್ಟರು.